ತೂಬಿನ ಬಾಯಿಯ ಗೋಣಿಚೀಲ

ಬಿ.ಎಸ್ಸಿ. ಮುಗಿದ ವರ್ಷ ಗುಬ್ಬಿ ಹತ್ತಿರದ ಕೆರೆಯೊಂದರ ಜೊಂಡಿನಲ್ಲಿ ನಾವು ಸ್ವಯಂಸೇವಕರು ಕಸ ಎತ್ತುತ್ತಿದ್ದೆವು. ಸೊಂಟಮಟ್ಟದ ನೀರಲ್ಲಿ ನಿಂತು, ಗದ್ದೆಗೆ ನೀರು ಬಿಡುವ ತೂಬಿನ ಬಾಯಲ್ಲಿದ್ದ ಕೊಳೆತ ಗೋಣಿಚೀಲವನ್ನೂ ಎಳೆದೆ. ಕೂಡಲೇ ಕೆರೆ ಏರಿಯ ಆಚೆಗಿನ ಕಾಲುವೆಗೆ ನೀರು ನುಗ್ಗಿತು.

ಕೆರೆ ನೋಡಿಕೊಳ್ಳುವ ನೀರುಗಂಟಿ ಓಡಿ ಬಂದ.

"ಏನ್ಲಾ ಮಾಡ್ದೆ? ತೂಬಿನ ಬಾಗಿಲು ಮುರಿದೋಗೈತೆ ಅಂತ ನಾನೇ ತುರುಕಿದ್ದೆ ಕಣೋ. ಕುಯ್ದ ಭತ್ತ ಕೆಳಗೆ ಗದ್ದೇಲೇ ಬಿದ್ದೈತೆ. ನೆಂದ್ರೆ ಊರೋರು ನನ್ನ ಬುಡ್ತಾರಾ?"

ಗೋಣಿ ನನ್ನ ಕೈಯಲ್ಲೇ ಹರಿದುಹೋಗಿತ್ತು.

"ಬೇರೆ ಏನು ತುರುಕಲಿ?" ಎಂದೆ.

"ಇರೋದೆಲ್ಲಾ ತುರುಕು."

ದಡದಲ್ಲಿ ಗುಡ್ಡೆ ಹಾಕಿದ್ದ ಚಿಂದಿ, ಹರಿದ ಚಾಪೆ, ಕೊಳೆತ ಹುಲ್ಲನ್ನೆಲ್ಲ ಗೆಳೆಯರು ತಂದು ಕೊಟ್ಟರು. ನಾನು ಒಂದೊಂದಾಗಿ ತೂಬಿನ ಬಾಯಿಗೆ ಒತ್ತಿದೆ. ಗದ್ದೆ ಮುಟ್ಟುವ ಮೊದಲೇ ನೀರು ನಿಂತಿತು.

ಸಂಜೆ ನಮ್ಮ ಕೆಲಸ ನೋಡಲು ಬಂದ ಅಧಿಕಾರಿ ಖಾಲಿ ದಡ ನೋಡಿ, "ಒಂದು ಚೂರು ಕಸವೂ ಇಲ್ಲವಲ್ಲ" ಎಂದು ನನ್ನ ಬೆನ್ನು ತಟ್ಟಿದರು.

ತೂಬಿನ ಸಂದಿಯಲ್ಲಿ ಇನ್ನೂ ಜಿನುಗುತ್ತಿದ್ದ ನೀರನ್ನೇ ನೋಡುತ್ತ, "ಇನ್ನೊಂದಷ್ಟು ಇದ್ದಿದ್ರೆ ಚೆನ್ನಾಗಿತ್ತು ಸ್ವಾಮಿ" ಎಂದ ನೀರುಗಂಟಿ.