ಬಾಟಲಿ ಮೇಲೆ ಹೊನ್ನಕ್ಕನ ಮುಖ

ಪರಶುರಾಂಪುರದ ಹೊನ್ನಕ್ಕ ನಲವತ್ತು ವರ್ಷದಿಂದ ಬಾಣಂತಿಯರಿಗೆ, ಕೂಸುಗಳಿಗೆ ನೀರೆರೆಯುತ್ತಾ ಬಂದವಳು. ಹೆರಿಗೆಯಾದ ಮೇಲೆ ಕೂದಲುದುರುವ ಹೆಂಗಸರಿಗೆ ಅವಳೇ ಎಣ್ಣೆ ಕಾಸಿಕೊಡುತ್ತಿದ್ದಳು. ಒಂದು ಸೇರು ಕೊಬ್ಬರಿ ಎಣ್ಣೆಗೆ ಎಂಟೇ ಎಂಟು ಲವಂಗ, ಸಣ್ಣ ಉರಿ. ಆರಿದ ಮೇಲೆ ಮೊದಲ ಹನಿ ತನ್ನ ಮೊಣಕೈಗೆ ಹಚ್ಚಿ ನೋಡುವಳು. ಮುಖಕ್ಕೆ ಮಾತ್ರ ಯಾರಿಗೂ ಹಚ್ಚಗೊಡುತ್ತಿರಲಿಲ್ಲ.

ಹೋದ ವರ್ಷ ಚಳ್ಳಕೆರೆಯ ಅಂಗಡಿಕಾರ ಓಂಕಾರಮೂರ್ತಿ ಬಂದು, ಹಳ್ಳಿ ಮದ್ದು ನಾಲ್ಕು ಜನಕ್ಕೆ ತಿಳಿಯಲಿ ಎಂದು ಅವಳ ಫೋಟೋ ತೆಗೆದುಕೊಂಡು ಹೋಗಿದ್ದ. ಆಮೇಲೆ ಅವನ ಸುದ್ದಿಯೇ ಇರಲಿಲ್ಲ.

ಮೊನ್ನೆ ಬೇಸಿಗೆಯಲ್ಲಿ ಅದೇ ಊರಿನ ಮಂಜುಳಮ್ಮ ತನ್ನ ಮಗಳು ತ್ರಿವೇಣಿಯನ್ನು ಎಳೆದುಕೊಂಡು ಬಂದಳು. ಹೊನ್ನಕ್ಕ ತನ್ನ ಕಾಲ ಮೇಲೆ ಮಲಗಿಸಿ ನೀರೆರೆದ ಕೂಸು ಅದು. ಈಗ ಡಿಗ್ರಿ ಓದುತ್ತಿದ್ದಳು. ಎರಡೂ ಕೆನ್ನೆ ಕೆಂಪಾಗಿ ಬೊಬ್ಬೆ ಎದ್ದಿದ್ದವು.

"ಮೊಡವೆ ಹೋಗ್ತಾವೆ ಅಂತ ನಿನ್ನ ಎಣ್ಣೆ ನಂಬಿ ಹಚ್ಚಿದ್ವಿ, ನೋಡು ಏನಾತು!" ಮಂಜುಳಮ್ಮ ಬಾಟಲಿ ಮುಂದೆ ಹಿಡಿದಳು. ಅದರ ಮೇಲೆ ಹೊನ್ನಕ್ಕನದೇ ನಗುಮುಖ. ಮುಚ್ಚಳ ತೆಗೆದರೆ ಮೂಗಿಗೆ ಘಾಟು ಹೊಡೆಯಿತು. ಕೊಬ್ಬರಿ ಎಣ್ಣೆಯ ಸುಳಿವೂ ಇಲ್ಲ, ಬರೀ ಲವಂಗದ ತೈಲ.

"ಇದು ನಂದಲ್ಲವ್ವ. ಮೊದ್ಲು ಡಾಕ್ಟರ್ ಹತ್ರ ನಡೀರಿ," ಎಂದಳು.

ಆಸ್ಪತ್ರೆಯಿಂದ ಹೊನ್ನಕ್ಕ ತ್ರಿವೇಣಿಯನ್ನು ಕರೆದುಕೊಂಡು ನೇರ ಓಂಕಾರಮೂರ್ತಿಯ ಅಂಗಡಿಗೇ ನುಗ್ಗಿದಳು. ಗಿರಾಕಿಗಳು ತುಂಬಿದ್ದರು.

"ಇದು ನ್ಯಾಚುರಲ್ ಅಜ್ಜಿ, ಏನೂ ಆಗಲ್ಲ," ಎಂದು ಓಂಕಾರಮೂರ್ತಿ ನಕ್ಕ.

"ಮೆಣಸಿನಕಾಯಿನೂ ಗಿಡದಾಗೇ ಬಿಡೋದು ಸಾವ್ಕಾರ್ರೆ. ಕಣ್ಣಿಗೆ ಹಾಕ್ಕಂತೀರಾ?" ಹೊನ್ನಕ್ಕನ ದನಿ ಬೀದಿಗೆ ಕೇಳಿಸಿತು. "ಹಚ್ಕಳ್ರಿ ನಿಮ್ಮ ಕೆನ್ನೆಗೆ, ಇವರೆಲ್ಲ ನೋಡ್ಲಿ!"

ಅವನು ಹಿಂದೆ ಸರಿದ. ಬಾಟಲಿ ಹಿಡಿದಿದ್ದ ಹೆಂಗಸೊಬ್ಬಳು ಅದನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

"ಆತು ಬಿಡಜ್ಜಿ, ಬಾಟಲಿ ಮೇಲಿಂದ ನಿನ್ನ ಫೋಟೋ ತೆಗೆಸ್ತೀನಿ."

"ಫೋಟೋ ಸುಡ್ತೈತಾ? ಸುಡೋದು ಎಣ್ಣೆ. ಅದನ್ನ ತೆಗೀರಿ!"

ಹೊಸ್ತಿಲಲ್ಲೇ ಕೂತಳು. ಬಂದವರಿಗೆಲ್ಲ ತ್ರಿವೇಣಿಯ ಕೆನ್ನೆ ತೋರಿಸಿದಳು. ಹುಡುಗಿಯೂ ಮುಖ ಮುಚ್ಚಿಕೊಳ್ಳಲಿಲ್ಲ. ಸಂಜೆಯೊಳಗೆ ಬಾಟಲಿಗಳೆಲ್ಲ ಪೆಟ್ಟಿಗೆ ಸೇರಿದವು. ತ್ರಿವೇಣಿ ಬರೆದ ದೂರನ್ನು ಮರುದಿನವೇ ಇಬ್ಬರೂ ತಾಲ್ಲೂಕು ಕಚೇರಿಗೆ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬಂದರು.

ಕೆನ್ನೆ ಮಾಯಲು ಎರಡು ತಿಂಗಳು ಹಿಡಿಯಿತು. ಎಡಗಡೆ ಒಂದು ಕಪ್ಪು ಕಲೆ ಉಳಿದೇ ಬಿಟ್ಟಿತು. ಮಂಜುಳಮ್ಮ ತಪ್ಪಾಯಿತೆಂದು ಬಂದಾಗ ಹೊನ್ನಕ್ಕ ಮಣೆ ಕೊಟ್ಟಳು. ಸಿಟ್ಟು ಮಾತ್ರ ಇಳಿದಿರಲಿಲ್ಲ.

"ನಿಮ್ಮನೆಯಿಂದ ಮೂರನೇ ಬೀದಿಯಾಗೇ ಇದ್ನಲ್ಲೇ ತಾಯಿ. ಒಂದು ಮಾತು ಕೇಳಬಾರದಾಗಿತ್ತಾ?"