ಮೊದಲ ಬೊಗಸೆ

ಮೊನ್ನೆ ಬಾಲ್ಕನಿಯಲ್ಲಿ ಒಣಹಾಕಿದ್ದ ಬಟ್ಟೆಗಳ ಮೇಲೆಲ್ಲ ಬೂದು ಬಣ್ಣದ ಪುಡಿ ಕೂತಿತ್ತು. ಕೊಡವಿದಾಗ ಮೂಗಿಗೆ ಹತ್ತಿದ್ದು ಬಿಸಿಯಾದ ಕಲ್ಲಿನ ವಾಸನೆ. ಪಕ್ಕದ ಸೈಟಿನಲ್ಲಿ ಬೋರ್‌ವೆಲ್ ಲಾರಿ ನಿಂತಿತ್ತು. ನಗರದಂಚಿನ ನಮ್ಮ ಸಿಂಗಾಪುರ ಬಡಾವಣೆಯಲ್ಲಿ ಅದೇನು ಹೊಸದಲ್ಲ. ಆದರೆ ಆ ಜಾಗ ಒಂದು ಕಾಲದಲ್ಲಿ ತಾತನದು...

ನನ್ನ ಸ್ವಂತ ತಾತನಲ್ಲ. ಕಾಂಪೌಂಡಿನ ಆಚೆ ಹೆಂಚಿನ ಮನೆಯಲ್ಲಿ ಒಬ್ಬರೇ ಇದ್ದರು. ಊರಿಗೆಲ್ಲ ನೀರು ತೋರಿಸುತ್ತಿದ್ದವರು. ಜುಟ್ಟಿನ ತೆಂಗಿನಕಾಯಿಯನ್ನು ಅಂಗೈ ಮೇಲೆ ಮಲಗಿಸಿಕೊಂಡು ಬರಿಗಾಲಲ್ಲಿ ನಡೆಯುವರು. ನೆಲದಡಿ ಸೆಲೆ ಇದ್ದ ಕಡೆ ಕಾಯಿ ಎದ್ದು ನಿಲ್ಲುತ್ತಿತ್ತು. ಬಿಎಸ್ಸಿ ಓದುತ್ತಿದ್ದ ನಾನು ನಗುತ್ತಿದ್ದೆ. ನಾನು ನಕ್ಕರೂ ನೀರು ಬರುತ್ತಿತ್ತು.

ಅವರಿಗೆ ಕೊಡುತ್ತಿದ್ದುದು ಎಲೆ ಅಡಿಕೆ, ಮತ್ತೆ ಅದೇ ಕಾಯಿ. ಜೊತೆಗೆ ಒಂದು ಮರ್ಯಾದೆ. ಬೋರ್‌ನಿಂದ ಚಿಮ್ಮಿದ ನೀರಿನ ಮೊದಲ ಬೊಗಸೆ ತೋರಿಸಿದವರದು. ಅವರು ಕುಡಿಯುವವರೆಗೆ ಮನೆಯವರು ಮುಟ್ಟುವಂತಿಲ್ಲ. ಇನ್ನೊಂದು ಕಟ್ಟುಪಾಡು ಅವರೇ ಹಾಕಿಕೊಂಡದ್ದು: ಇರುವ ನೀರನ್ನು ಇಲ್ಲ ಎನ್ನಬಾರದು, ಅಂದುಬಿಟ್ಟರೆ ವಿದ್ಯೆ ಕೈಬಿಡುತ್ತದೆ.

ತಾತನ ಹಿತ್ತಲಲ್ಲಿ ಒಂದು ಸೇದುವ ಬಾವಿ ಇತ್ತು. ಆ ನೀರಲ್ಲಿ ನಾಲ್ಕು ಮಡಿ ಕನಕಾಂಬರ, ಒಂದು ಹಸು. ಅವರ ಬದುಕು ಅಷ್ಟೇ.

ಅಪ್ಪ ಹೊಲ ಮಾರಿ ಆರು ಬಾಡಿಗೆ ಮನೆ ಕಟ್ಟಿಸಿದ್ದರು. ಆಗ ನಮ್ಮ ಕಡೆಗೆ ಕಾವೇರಿ ನೀರು ಇನ್ನೂ ಬಂದಿರಲಿಲ್ಲ. ಬೋರ್ ಕೊರೆಸಲು ಜಾಗ ನೋಡಿ ಎಂದು ತಾತನನ್ನು ಕರೆಸಿದರು. ಇಡೀ ಸೈಟು ಸುತ್ತಿದರೂ ಕಾಯಿ ಅಲುಗಲಿಲ್ಲ. ಕೊನೆಗೆ ತಾತನ ಕಾಂಪೌಂಡಿಗೆ ಅಂಟಿಕೊಂಡ ಮೂಲೆಯಲ್ಲಿ, ಸೀಬೆ ಗಿಡದ ಬುಡದಲ್ಲಿ ಎದ್ದು ನಿಂತಿತು. ತಾತ ತುಂಬಾ ಹೊತ್ತು ಅದನ್ನೇ ನೋಡಿದರು.

“ಇಲ್ಲೈತೆ ಕಣಪ್ಪ. ಆದ್ರೆ ಇದು ನನ್ ಬಾವಿ ಸೆಲೆ. ನೀನಿಲ್ಲಿ ಕೊರ್ಸಿದ್ರೆ ನಂದು ಒಣಗೋಯ್ತದೆ.”

“ಆಯ್ತು ಬಿಡಿ, ನೋಡಾನ,” ಅಂದರು ಅಪ್ಪ.

ತಾತನಿಗೆ ಅಷ್ಟು ಸಾಕಾಯಿತು. ಬಾಯಿಬಿಟ್ಟು ಹೇಳಿದ ಮೇಲೆ ಯಾರಾದರೂ ಕೊರೆಸುತ್ತಾರೆಯೇ ಎಂದುಕೊಂಡರು. ಅವರು ಮಾಡಿದ ತಪ್ಪು ಅದೊಂದೇ. ಇಲ್ಲಿ ಏನೂ ಇಲ್ಲ ಎಂದು ಒಂದು ಸುಳ್ಳು ಹೇಳಿದ್ದರೆ ಬಾವಿ ಉಳಿಯುತ್ತಿತ್ತು. ನಾವಾಗಿದ್ದರೆ ಹೇಳುತ್ತಿದ್ದೆವು.

ವಾರದೊಳಗೆ ಲಾರಿ ಬಂತು. ಸೀಬೆ ಗಿಡ ಕಡಿದರು. ನೀರು ಮಹಡಿಯೆತ್ತರಕ್ಕೆ ಚಿಮ್ಮಿತು. ಅಪ್ಪ ಎಂಥ ಶಾಸ್ತ್ರದವರೆಂದರೆ, ತಾತನನ್ನು ಕರೆದುಕೊಂಡು ಬಾ ಎಂದು ನನ್ನನ್ನೇ ಕಳಿಸಿದರು. ತೋರಿಸಿದವರು ಕುಡಿಯದೆ ನಾವು ಮುಟ್ಟಬಾರದಲ್ಲ! ತಾತ ಬಂದರು. ಹೆಗಲ ಮೇಲಿನ ಟವೆಲನ್ನು ಸೊಂಟಕ್ಕೆ ಸುತ್ತಿಕೊಂಡು ಬೊಗಸೆ ಒಡ್ಡಿದರು, ಕುಡಿದರು. “ಸಿಹಿಯಾಗೈತೆ” ಅಂದರು. ಬೈಯಲಿಲ್ಲ. ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು.

ಯುಗಾದಿ ಹೊತ್ತಿಗೆ ಅವರ ಬಾವಿಯಲ್ಲಿ ಕೆಸರು ಮಾತ್ರ ಉಳಿಯಿತು. ಕನಕಾಂಬರ ಒಣಗಿ ಕಡ್ಡಿಯಾಯಿತು. ದಿನಾ ಬೆಳಿಗ್ಗೆ ಎರಡು ಬಿಂದಿಗೆ ಹಿಡಿದುಕೊಂಡು ನಮ್ಮ ಗೇಟಿಗೆ ಬರತೊಡಗಿದರು, ಒಂದು ಹಸುವಿಗೆ, ಒಂದು ತಮಗೆ. ಮೊದಮೊದಲು ಅಮ್ಮ ಕಾಫಿಯನ್ನೂ ಕೊಡುತ್ತಿದ್ದಳು. ಆಮೇಲೆ ಬಾಡಿಗೆಯವರು ಗೊಣಗಿದರು. ಆಮೇಲೆ ನಮಗೇ ಬೇಜಾರು ಬಂತು. ಹೊಳೆ ದಾಟಿದ ಮೇಲೆ ಅಂಬಿಗನ ಗೊಡವೆ ಯಾರಿಗೆ ಬೇಕು? ಒಂದು ದಿನ ಗೇಟಿನ ಸದ್ದಾದಾಗ ಅಮ್ಮ ನನ್ನನ್ನು ಮುಂದಕ್ಕೆ ತಳ್ಳಿ ಒಳಗೆ ಹೋದಳು.

“ಮೋಟ್ರು ಕೆಟ್ಟೋಗಿದೆ ತಾತ,” ಅಂದೆ.

ನನ್ನ ಬೆನ್ನ ಹಿಂದೆ ಮೋಟರ್ ಗುಂಯ್‌ಗುಡುತ್ತಿತ್ತು. ಮೇಲಿನ ಟ್ಯಾಂಕು ತುಂಬಿ ನೀರು ಮೋರಿಗೆ ಸುರಿಯುತ್ತಿತ್ತು. ನೆಲದಡಿಯ ನೀರು ಗೊತ್ತಾಗುವವರಿಗೆ ಅದು ಗೊತ್ತಾಗದೆ ಇರುತ್ತದೆಯೇ?

“ಆಗ್ಲಿ ಕಣವ್ವ. ರಿಪೇರಿ ಆದ್ಮ್ಯಾಕೆ ಯೋಳು,” ಅಂದರು.

ನಾನು ಹೇಳಲೇ ಇಲ್ಲ. ಅವರೂ ಮತ್ತೆ ಬರಲಿಲ್ಲ. ಹಸುವನ್ನು ಯಾರೋ ಹೊಡೆದುಕೊಂಡು ಹೋದರು. ತಾತ ಎಲ್ಲಿಂದ ನೀರು ತರುತ್ತಿದ್ದರೋ, ತರುತ್ತಿದ್ದರೋ ಇಲ್ಲವೋ... ವಿಚಾರಿಸಿದರೆ ಕೊಡಬೇಕಾಗುತ್ತದೆ ಎಂದು ನಾವು ವಿಚಾರಿಸಲಿಲ್ಲ.

ಎರಡು ಬೇಸಿಗೆ ಕಳೆದ ಮೇಲೆ ತಾತ ಹೋದರು. ಹೆಣಕ್ಕೆ ಸ್ನಾನ ಮಾಡಿಸಲು ಆ ಮನೆಯಲ್ಲಿ ಒಂದು ಚೊಂಬು ನೀರಿರಲಿಲ್ಲ. ಅಪ್ಪ ಕಾಂಪೌಂಡಿನ ಮೇಲಿಂದ ನಮ್ಮ ಪೈಪನ್ನೇ ಬಿಟ್ಟರು. “ಎಷ್ಟು ಬೇಕಾದ್ರೂ ಇಡ್ಕೊಳ್ಳಿ” ಎಂದು ನೆರೆದವರಿಗೆಲ್ಲ ಕೇಳುವ ಹಾಗೆ ಹೇಳಿದರು. ದೊಡ್ಡ ಮನಸ್ಸು ಎಂದು ಯಾರೋ ಹೊಗಳಿದರು. ಕಾಯಿ ಹಿಡಿಯುತ್ತಿದ್ದ ಆ ಅಂಗೈ ಮೇಲೂ ನೀರು ಹರಿದು, ಅಂಗಳ ದಾಟಿ, ಬತ್ತಿದ ಬಾವಿಯತ್ತ ಹೋಯಿತು. ಮೋಟರ್ ಅವತ್ತು ಚೆನ್ನಾಗಿಯೇ ಓಡಿತು. ನನಗೆ ನಾಚಿಕೆಯಾಯಿತು; ಆದರೆ ನಾಚಿಕೆಯನ್ನು ಯಾರಿಗೂ ಕುಡಿಯಲಾಗುವುದಿಲ್ಲ.

ಈಗ ಅಪ್ಪ ಅಮ್ಮ ಇಬ್ಬರೂ ಇಲ್ಲ. ನಮ್ಮ ಬೋರ್ ಬತ್ತಿ ಎಷ್ಟೋ ವರ್ಷವಾಯಿತು. ಕಾವೇರಿ ಬಂದ ದಿನ ಬಂತು, ಉಳಿದ ದಿನ ಟ್ಯಾಂಕರ್‌ಗೆ ಫೋನ್ ಮಾಡಿ ಕಾಯುತ್ತೇನೆ. ನಿನ್ನೆ ಮಧ್ಯಾಹ್ನ ಪಕ್ಕದ ಸೈಟಿನಲ್ಲಿ ನೀರು ಸಿಕ್ಕಿತು. ಸಾವಿರ ಅಡಿಯ ಕೆಳಗಂತೆ. ಜಾಗ ತೋರಿಸಿದ್ದು ಯಾವುದೋ ಮಿಷಿನ್ನು, ಅದು ಕುಡಿಯುವುದಿಲ್ಲ. ಗೇಟಿನ ಹತ್ತಿರ ನಿಂತಿದ್ದ ನನ್ನನ್ನು ನೋಡಿ ಕೆಲಸ ಮಾಡಿಸುತ್ತಿದ್ದವನು ಕರೆದ.

“ಬನ್ನಿ ಮೇಡಂ, ಕುಡ್ದು ನೋಡಿ. ಇನ್ನೂ ಯಾರೂ ಮುಟ್ಟಿಲ್ಲ.”

ಅದು ಯಾರ ಬೊಗಸೆ ಎಂದು ನನಗೆ ಗೊತ್ತಿತ್ತು. ಬೇಡ ಎನ್ನಬೇಕಿತ್ತು. ತಾತನ ಜಾಗದಲ್ಲಿ ನಿಂತು ಕೈಯೊಡ್ಡಿದೆ, ಕುಡಿದೆ. ಸಿಹಿಯಾಗಿತ್ತು. ಇನ್ನೊಂದು ಬೊಗಸೆ ಕುಡಿದೆ.