ನೆಲಕ್ಕೆ ತೊಡಿಸಿದ ಚಪ್ಪಲಿ

ಬೆಳಿಗ್ಗೆ ಎದ್ದು ಅಡುಗೆಮನೆ ಕಡೆ ಹೊರಟಿದ್ದೆ. ಕಾಲಡಿಯಲ್ಲಿ ಏನೋ ಹಾಸಿದ ಹಾಗಿತ್ತು. ದಪ್ಪ ಜಮಖಾನವೋ, ನಾಲ್ಕು ಮಡಿಕೆಯ ಬೆಡ್‌ಶೀಟೋ. ಬಗ್ಗಿ ನೋಡಿದೆ. ನಮ್ಮ ಮನೆಯ ರೆಡ್ ಆಕ್ಸೈಡ್ ನೆಲ, ಅಷ್ಟೇ.

"ಇಲ್ಲಿ ಎಂತ ಹಾಸಿದ್ರಿ?" ಎಂದು ಇವರನ್ನು ಕೇಳಿದೆ.

"ಎಂತ ಹಾಸೋದು? ನೆಲ ಅದು ಮಾರಾಯ್ತಿ."

ಇವರು ಅಂದರೆ ನನ್ನ ಗಂಡ. ಕೊಪ್ಪ–ಶೃಂಗೇರಿ ನಡುವೆ ಓಡುವ ಖಾಸಗಿ ಬಸ್ಸಿನಲ್ಲಿ ಇಪ್ಪತ್ತಾರು ವರ್ಷ ಕಂಡಕ್ಟರ್ ಆಗಿದ್ದವರು. ಈಗ ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಒಬ್ಬಳೇ ಮಗಳು ವೀಣಾ, ಮದುವೆಯಾಗಿ ನರಸಿಂಹರಾಜಪುರದಲ್ಲಿದ್ದಾಳೆ, ಶಾಲೆಯಲ್ಲಿ ಟೀಚರ್. ನಾವು ಮೂವರು, ಡಾಕ್ಟರು, ಮತ್ತೆ ಒಂದು ಕಾರ್ಪೆಟ್ಟು. ಈ ಕಥೆಯಲ್ಲಿ ಬರುವುದು ಇಷ್ಟೇ ಜನ.

ನನಗೆ ಹನ್ನೊಂದು ವರ್ಷದಿಂದ ಶುಗರ್. ಮಾತ್ರೆ ನುಂಗುತ್ತಿದ್ದೆ, ಮಾತ್ರೆ ನುಂಗಿದ ಧೈರ್ಯದಲ್ಲಿ ಹೋಳಿಗೆಯನ್ನೂ ನುಂಗುತ್ತಿದ್ದೆ. ಕಾಲಡಿಯ ಮೆತ್ತನೆಯ ವಿಷಯವನ್ನು ಎರಡು ತಿಂಗಳು ಯಾರಿಗೂ ಹೇಳಲಿಲ್ಲ. ನೋವಾಗಿದ್ದರೆ ಹೇಳುತ್ತಿದ್ದೆ. ನೋವಿಲ್ಲದ್ದನ್ನು ಕಾಯಿಲೆ ಅಂತ ಒಪ್ಪಿಕೊಳ್ಳುವುದು ಕಷ್ಟ.

ಒಂದು ದಿನ ದಾರದ ಉಂಡೆ ತರಲು ಪೇಟೆಗೆ ಹೋಗಿದ್ದೆ. ಹಿಂದಿನಿಂದ ಹೂ ಮಾರುವ ಹೆಂಗಸು ಕೂಗಿದಳು. "ಅಮ್ಮಾ, ನಿಮ್ಮ ಒಂದು ಚಪ್ಪಲಿ ಇಲ್ಲೇ ಉಳೀತಲ್ಲ!" ತಿರುಗಿ ನೋಡಿದೆ. ಇಪ್ಪತ್ತು ಮಾರು ಹಿಂದೆ, ರಸ್ತೆ ಅಂಚಿನಲ್ಲಿ, ನನ್ನ ಎಡಗಾಲಿನ ಚಪ್ಪಲಿ ಬಿದ್ದಿತ್ತು.

ಅಷ್ಟು ದೂರ ಬರಿಗಾಲಲ್ಲಿ ಬಂದದ್ದು ನನ್ನ ಕಾಲಿಗೆ ಗೊತ್ತೇ ಆಗಿರಲಿಲ್ಲ.

ಡಾಕ್ಟರ್ ಹತ್ತಿರ ಕರೆದುಕೊಂಡು ಹೋದವರು ಇವರೇ. ಕೊಪ್ಪದ ಕ್ಲಿನಿಕ್ಕಿನ ಲೇಡಿ ಡಾಕ್ಟರು, ವೀಣಾಗಿಂತ ಚಿಕ್ಕವರು. ನನ್ನನ್ನು ಮಲಗಿಸಿ ಹೇಳಿದರು, "ಕಣ್ಣು ಮುಚ್ಕೊಳಿ ಅಮ್ಮ. ಪ್ಲಾಸ್ಟಿಕ್ ದಾರದ ತುದಿಯಿಂದ ಅಂಗಾಲು ಮುಟ್ತೀನಿ. ಮುಟ್ಟಿದಾಗೆಲ್ಲ ಹೂಂ ಅನ್ನಿ."

ಕಣ್ಣು ಮುಚ್ಚಿಕೊಂಡೆ. ಕಾದೆ. ಸುಮಾರು ಹೊತ್ತಾಯಿತು.

"ಶುರು ಮಾಡಿದ್ರಾ ಡಾಕ್ಟ್ರೇ?"

"ಮುಗೀತು ಅಮ್ಮ."

ಪೆರಿಫೆರಲ್ ನ್ಯೂರೋಪತಿ ಅಂದರು. ಶುಗರ್‌ನಿಂದ ಕಾಲಿನ ನರಗಳು ಸತ್ತಿವೆ, ಹೋದದ್ದು ವಾಪಸ್ ಬರುವುದು ಕಷ್ಟ, ಇರುವುದನ್ನು ಉಳಿಸಿಕೊಳ್ಳಬೇಕು. ಇನ್ನು ಮೇಲೆ ಬರಿಗಾಲಲ್ಲಿ ಒಂದು ಹೆಜ್ಜೆಯೂ ಇಡಬಾರದು. ಎಂಸಿಆರ್ ಚಪ್ಪಲಿ ಅಂತ ಸಿಗುತ್ತದೆ, ಮೆತ್ತನೆಯ ರಬ್ಬರಿನದು, ಅದನ್ನೇ ಹಾಕಬೇಕು.

"ಮನೆಯೊಳಗೂ?" ಎಂದೆ.

"ಮನೆಯೊಳಗೇ ಮುಖ್ಯ. ನೀವು ಟೈಲರ್ ಬೇರೆ."

ಇಲ್ಲಿ ನನ್ನ ಬಗ್ಗೆ ಒಂದು ವಿಷಯ ಹೇಳಬೇಕು. ನಮ್ಮ ಮನೆ ಹೊಸ್ತಿಲನ್ನು ಚಪ್ಪಲಿ ದಾಟಿದ್ದಿಲ್ಲ. ದಾಟಲು ನಾನು ಬಿಟ್ಟಿಲ್ಲ. ಗ್ಯಾಸ್ ಸಿಲಿಂಡರ್ ತರುವವನು ಹೆಗಲ ಮೇಲೆ ಸಿಲಿಂಡರ್ ಇಟ್ಟುಕೊಂಡೇ ಒಂದು ಕಾಲಿನಿಂದ ಇನ್ನೊಂದು ಕಾಲಿನ ಚಪ್ಪಲಿ ಕಳಚುವುದನ್ನು ಕಲಿತಿದ್ದಾನೆ. ವೀಣಾಳ ಮದುವೆ ಮಾತುಕತೆಗೆ ಬಂದ ದಿನ ಅವಳ ಮಾವ ಬೂಟು ಹಾಕಿಕೊಂಡೇ ಒಳಗೆ ಕಾಲಿಡಲು ಹೊರಟಿದ್ದರು. "ಬೂಟು ಹೊರಗೆ" ಎಂದುಬಿಟ್ಟೆ. ಸಂಬಂಧ ಮುರಿಯದೇ ಇದ್ದದ್ದು ಅವರ ದೊಡ್ಡತನ. ಇವರು ಇವತ್ತಿಗೂ ಅದನ್ನು ಹೇಳಿ ನನ್ನನ್ನು ಕಾಡುತ್ತಾರೆ.

ಅಂಥವಳು ನಾನೇ ಚಪ್ಪಲಿ ಮೆಟ್ಟಿಕೊಂಡು ದೇವರ ಮುಂದೆ, ಒಲೆಯ ಮುಂದೆ ಓಡಾಡುವುದೇ? ಇವರು ಎಂಸಿಆರ್ ಚಪ್ಪಲಿ ತಂದುಕೊಟ್ಟರು. ನಾನದನ್ನು ಹೊರಗೆ ಮೆಟ್ಟಿಲ ಮೇಲೆ, ಬೇರೆ ಚಪ್ಪಲಿಗಳ ಸಾಲಿನಲ್ಲಿ ಇಟ್ಟೆ. ಪೇಟೆಗೆ ಹೋಗುವಾಗ ಮಾತ್ರ ಹಾಕಿಕೊಂಡೆ.

ಆಮೇಲಿನ ಉಪಾಯ ನನ್ನದೇ. ಯಾರ ಮೇಲೂ ಹೊರಿಸುವ ಹಾಗಿಲ್ಲ. ಗಟ್ಟಿ ನೆಲದ ಮೇಲೆ ಬರಿಗಾಲು ಬೇಡ ಎನ್ನುವುದು ತಾನೇ ಡಾಕ್ಟರ ಮಾತು? ನೆಲವನ್ನೇ ಮೆತ್ತಗೆ ಮಾಡಿದರಾಯಿತು. ಹಾಲಿಗೂ ಹೊಲಿಗೆ ಕೋಣೆಗೂ ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಕಿಸೋಣ ಎಂದೆ.

ವೀಣಾ ಫೋನಿನಲ್ಲೇ ಬೇಡ ಅಂದಳು. "ಅಮ್ಮ, ಡಾಕ್ಟ್ರು ಹೇಳಿದ್ದು ನಿನ್ನ ಕಾಲಿಗೆ. ನೆಲಕ್ಕಲ್ಲ."

"ಎರಡೂ ಒಂದೇ ಅಲ್ವನೇ? ನಡುವೆ ಎಂತಾದ್ರೂ ಒಂದು ಇದ್ರೆ ಆಯ್ತು."

"ಮಳೆಗಾಲದಲ್ಲಿ ಅದು ವಾಸನೆ ಬರ್ತದೆ. ಧೂಳು ಕೂರ್ತದೆ. ಗುಡಿಸಕ್ಕೂ ಆಗಲ್ಲ, ಒರೆಸಕ್ಕೂ ಆಗಲ್ಲ."

"ನಿಮ್ಮಪ್ಪ ಇದ್ದಾರಲ್ಲ" ಎಂದೆ. ಇವರು ನನ್ನ ಹೊಲಿಗೆ ಟೇಪ್ ತೆಗೆದುಕೊಂಡು ನೆಲ ಅಳೆಯಲು ಹೋದರು. ನನ್ನ ಹಟ ಗೊತ್ತಿರುವ ಮನುಷ್ಯ.

ಶಿವಮೊಗ್ಗದಿಂದ ಕಾರ್ಪೆಟ್ ಬಂತು. ದಟ್ಟ ಮೆರೂನ್ ಬಣ್ಣ, ಬೆರಳು ಹುದುಗುವಷ್ಟು ದಪ್ಪ. ಇಬ್ಬರು ಬಂದು ಅಳತೆಗೆ ಕತ್ತರಿಸಿ ಗಮ್ ಹಾಕಿ ಅಂಟಿಸಿ ಹೋದರು. ನನಗೆ ಬಹಳ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಬ್ಲೌಸ್ ಕೊಡಲು ಬಂದ ಹೆಂಗಸರು "ಅಬ್ಬ, ಸಿನಿಮಾದವರ ಮನೆ ಹಾಗಾಯ್ತು" ಅನ್ನುತ್ತಿದ್ದರು. ಕಾಲು ಒರೆಸಿಕೊಂಡು ಬನ್ನಿ ಅನ್ನುವ ಹೊಸ ಕಾನೂನನ್ನೂ ನಾನು ತಂದೆ.

ಹೊಲಿಯುವವರಿಗೆ ನೆಲ ಅಂದರೆ ಏನು ಅಂತ ಮೂವತ್ತು ವರ್ಷ ಹೊಲಿದ ನನಗೇ ಹೊಳೆದಿರಲಿಲ್ಲ. ಗಟ್ಟಿ ನೆಲದ ಮೇಲೆ ಗುಂಡುಸೂಜಿ ಬಿದ್ದರೆ ಸಣ್ಣದಾಗಿ ಸದ್ದಾಗುತ್ತದೆ. ಮೆಷಿನ್ ಓಡುತ್ತಿದ್ದರೂ, ಎದುರು ಕೂತವರು ಮಾತಾಡುತ್ತಿದ್ದರೂ ಆ ಸದ್ದು ನಮಗೆ ಕೇಳಿಸುತ್ತದೆ, ಕೈ ತಾನಾಗಿ ಆ ಕಡೆ ಹೋಗುತ್ತದೆ. ಸಂಜೆ ಕಸ ಗುಡಿಸುವ ಮೊದಲು ಒಂದು ಮ್ಯಾಗ್ನೆಟ್ ಆಡಿಸಿದರೆ ಉಳಿದವೂ ಸಿಗುತ್ತವೆ. ಇಷ್ಟು ವರ್ಷ ನಾನು ಕಣ್ಣಿಗಿಂತ ಹೆಚ್ಚಾಗಿ ಕಿವಿಯಿಂದಲೇ ನೆಲ ಕಾಯುತ್ತಿದ್ದೆ. ಕಾರ್ಪೆಟ್ ಬಂದ ಮೇಲೆ ಬಿದ್ದದ್ದೆಲ್ಲ ಸದ್ದಿಲ್ಲದೆ ಒಳಗೆ ಹೋಗುತ್ತಿತ್ತು. ಕಾಲಿಗೆ ಮೊದಲೇ ಗೊತ್ತಾಗುತ್ತಿರಲಿಲ್ಲ, ಈಗ ಕಿವಿಗೂ ಗೊತ್ತಾಗದ ಹಾಗೆ ನಾನೇ ಮಾಡಿಕೊಂಡಿದ್ದೆ.

ಹರಿಹರಪುರದ ಹುಡುಗಿಯ ಮದುವೆ ಬ್ಲೌಸ್ ಹೊಲಿಯುತ್ತಿದ್ದೆ. ದಪ್ಪ ಜರಿಯ ಅಂಚು, ಮೂರು ಪದರ. ಸೂಜಿ ಮುರಿಯಿತು. ಮೇಲಿನ ಅರ್ಧ ಮೆಷಿನ್‌ನಲ್ಲೇ ಇತ್ತು. ಕೆಳಗಿನ ಅರ್ಧ ಕಾಣಲಿಲ್ಲ. ಕೈಯಾಡಿಸಿದೆ, ಮ್ಯಾಗ್ನೆಟ್ ಆಡಿಸಿದೆ. ಎರಡು ಗುಂಡುಸೂಜಿ ಸಿಕ್ಕವು, ಅದು ಸಿಗಲಿಲ್ಲ. ಹುಡುಗಿಯ ತಾಯಿ ಕಾಯುತ್ತಾ ಕೂತಿದ್ದರು, ಅವರಿಗೆ ಬಸ್ಸಿನ ಹೊತ್ತಾಗಿತ್ತು. ಬಟ್ಟೆಯಲ್ಲೇ ಎಲ್ಲೋ ಸಿಕ್ಕಿರಬೇಕು ಅಂದುಕೊಂಡೆ. ಬ್ಲೌಸನ್ನು ಎರಡೆರಡು ಸಲ ಕೊಡವಿ, ಹೊಸ ಸೂಜಿ ಹಾಕಿ ಹೊಲಿದು ಮುಗಿಸಿದೆ.

ಐದಾರು ದಿನವಾಗಿರಬಹುದು. ಬೆಳಿಗ್ಗೆ ಹಾಸಿಗೆ ಕೊಡವುವಾಗ ಬೆಡ್‌ಶೀಟಿನ ಕಾಲು ಕಡೆ ಒಂದು ಕಲೆ ಕಂಡಿತು. ಹಳದಿ, ಸುತ್ತ ಕಂದು. ಸಾರು ಚೆಲ್ಲಿದ ಹಾಗೆ. ಹಾಸಿಗೆ ಮೇಲೆ ಸಾರು ಯಾಕೆ ಚೆಲ್ಲುತ್ತದೆ? ಇವರನ್ನು ಕರೆದೆ. ಇವರು ನನ್ನನ್ನು ಕೂರಿಸಿ, ಬಲಗಾಲು ಎತ್ತಿ ಅಂಗಾಲು ನೋಡಿದರು.

ಎತ್ತಿದ ಕಾಲನ್ನು ಕೆಳಗಿಡದೆ ಕಿಟಕಿಯ ಬೆಳಕಿನ ಕಡೆ ತಿರುಗಿಸಿದರು.

ಕಿರುಬೆರಳಿನ ಬುಡದಲ್ಲಿ ಕೀವು. ಬೆರಳು ಕಪ್ಪಾಗಿತ್ತಂತೆ. ನನಗೆ ನೋವೇ ಇರಲಿಲ್ಲ. ಎರಡು ದಿನದಿಂದ ಮೈ ಬಿಸಿ ಇತ್ತು, ಶೀತದ ಜ್ವರ ಅಂದುಕೊಂಡಿದ್ದೆ. ಮೆರೂನ್ ಕಾರ್ಪೆಟ್ಟಿನ ಮೇಲೆ ಎಷ್ಟು ದಿನದಿಂದ ರಕ್ತ, ಕೀವು ಒರೆಸಿಕೊಂಡು ನಡೆದಿದ್ದೆನೋ, ಆ ಬಣ್ಣದಲ್ಲಿ ಒಂದೂ ಕಂಡಿರಲಿಲ್ಲ.

ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದು ಡಾಕ್ಟರು ಕೇಳಿದರು, "ಇದೇನಮ್ಮ?" ಮೂಳೆಗಳ ನಡುವೆ ಒಂದು ಬಿಳಿ ಗೆರೆ, ನೆಟ್ಟಗೆ.

"ಹದಿನಾರನೇ ನಂಬರ್ ಸೂಜಿ" ಎಂದೆ.

ಅವರು ಬೈಯಲಿಲ್ಲ. ಚಪ್ಪಲಿ ಹಾಕಿಕೊಳ್ಳುತ್ತಿದ್ದೆನಾ ಎಂದು ಮಾತ್ರ ಕೇಳಿದರು. ನಾನು ಕಾರ್ಪೆಟ್ಟಿನ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ಶಿವಮೊಗ್ಗದ ಆಸ್ಪತ್ರೆಗೆ ಚೀಟಿ ಬರೆದರು.

ಅಲ್ಲಿಯ ಸರ್ಜನ್ ಇವರನ್ನು ಹೊರಗೆ ಕರೆಯದೆ ನನ್ನ ಮುಂದೆಯೇ ಹೇಳಿದರು. ಅದು ಒಳ್ಳೆಯದಾಯಿತು. ಇನ್‌ಫೆಕ್ಷನ್ ಮೂಳೆಗೆ ಹೋಗಿದೆ. ಕಿರುಬೆರಳು ತೆಗೆಯಬೇಕು. "ಬೆರಳಿಗೇ ನಿಲ್ತದೆ ಅಂತ ಈಗ ಹೇಳಕ್ಕಾಗಲ್ಲ. ತೆಗೆದು, ಮೂರು ದಿನ ನೋಡ್ಬೇಕು. ಮೇಲೆ ಹೋಗಿದ್ರೆ ಪಾದ ತೆಗೆಯಬೇಕಾಗಬಹುದು."

ಇವರು ಕನ್ಸೆಂಟ್ ಫಾರಂಗೆ ಸಹಿ ಹಾಕಿದರು. ಇಪ್ಪತ್ತಾರು ವರ್ಷ ಓಡುವ ಬಸ್ಸಿನಲ್ಲಿ ನಿಂತು ಬರೆದ ಕೈ. ಆವತ್ತು ಅಕ್ಷರ ಗೆರೆಯಿಂದ ಕೆಳಗಿಳಿಯಿತು.

ಬೆರಳು ತೆಗೆದ ಮೇಲಿನ ಆ ಮೂರು ದಿನ ನನಗೆ ಭಯಕ್ಕಿಂತ ನಾಚಿಕೆಯೇ ಹೆಚ್ಚಾಗಿತ್ತು. ವಿಧಿ, ಗ್ರಹಚಾರ ಅಂತ ಬಂದವರು ಹೇಳುತ್ತಿದ್ದರು. ಗ್ರಹಚಾರ ಏನೂ ಅಲ್ಲ. ಚಪ್ಪಲಿ ಕಾಲಿಗೆ ಹಾಕು ಅಂದರೆ ನೆಲಕ್ಕೆ ಹಾಕಿದವಳು ನಾನು. ವಾರ್ಡಿನಲ್ಲಿ ಸಿಸ್ಟರ್‌ಗಳ ಮೇಜಿನ ಮೇಲೆ ಒಂದು ದೇವರ ಪಟ ಇತ್ತು, ದಿನಾ ಹೂ ಇಡುತ್ತಿದ್ದರು. ಅದರ ಕೆಳಗೇ ಬೂಟು ಹಾಕಿಕೊಂಡು ಇಂಜೆಕ್ಷನ್ ತುಂಬಿಸುತ್ತಿದ್ದರು. ಮಲಗಿದಲ್ಲಿಂದ ಅದನ್ನೇ ನೋಡುತ್ತಿದ್ದೆ. ದೇವರಿಗೆ ಏನೂ ಅನ್ನಿಸಿದ ಹಾಗೆ ಕಾಣಲಿಲ್ಲ. ಅಷ್ಟು ವರ್ಷ ಅನ್ನಿಸಿದ್ದೆಲ್ಲ ನನಗೇ.

ಮೂರನೇ ದಿನ ಡ್ರೆಸ್ಸಿಂಗ್ ಬಿಚ್ಚಿದ ಸರ್ಜನ್ ಒತ್ತಿ ನೋಡಿದರು, ಮೂಸಿ ನೋಡಿದರು. "ನಿಂತಿದೆ" ಎಂದರು.

ಪಾದ ಉಳಿಯಿತು.

ಹದಿನೆಂಟು ದಿನದ ಮೇಲೆ ಮನೆಗೆ ಬಂದೆ. ಅಷ್ಟರಲ್ಲಿ ವೀಣಾ ರಜೆ ಹಾಕಿ ಬಂದು, ಅಪ್ಪನ ಜೊತೆ ಸೇರಿ ಕಾರ್ಪೆಟ್ ಕಿತ್ತಿದ್ದಳು. ನನ್ನನ್ನು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಅದರೊಳಗಿಂದ ಸಿಕ್ಕ ಗುಂಡುಸೂಜಿಗಳನ್ನು ಒಂದು ಡಬ್ಬಿಯಲ್ಲಿ ಹಾಕಿ ನನ್ನ ಮೆಷಿನ್ ಮೇಲೆ ಇಟ್ಟಿದ್ದಳು. ಹನ್ನೊಂದಿದ್ದವು. ಅವಳು ಮಾತಾಡದೆ ಬೈಯುವುದು ಹಾಗೆ.

ಗಮ್ ಕಿತ್ತು ಕೆಂಪು ನೆಲ ಅಲ್ಲಲ್ಲಿ ಗುಳಿ ಬಿದ್ದಿತ್ತು. ಗಾರೆಯವನು ಹೊಳೆಯುವ ಟೈಲ್ಸ್ ಹಾಕಿಸಿ ಅಂದ, ಮುಖ ಕಾಣುವಂಥದ್ದು. ಕಾಲಿಗೆ ಏನೂ ಗೊತ್ತಾಗದವಳಿಗೆ ಜಾರುವ ನೆಲ ಬೇಡ ಅಂದರು ಇವರು. ಒಬ್ಬರು ಗಿರಾಕಿ ಪ್ಲಾಸ್ಟಿಕ್ ಮ್ಯಾಟ್ ಒಳ್ಳೆಯದು ಅಂದರು. ನಾನು ಡಾಕ್ಟರನ್ನು ಕೇಳಿದೆ. "ಯಾವ ನೆಲನಾದ್ರೂ ಹಾಕಿ, ಜಾರಬಾರದು, ಬಿದ್ದದ್ದು ಕಾಣಬೇಕು. ಕಾಲಿನ ಕೆಲಸ ನೆಲ ಮಾಡಲ್ಲ ಅಮ್ಮ" ಅಂದರು. ಕೊನೆಗೆ ಕೆನೆ ಬಣ್ಣದ, ಹೊಳಪಿಲ್ಲದ, ಸ್ವಲ್ಪ ತರಿ ಇರುವ ಟೈಲ್ಸ್ ಹಾಕಿಸಿದೆವು. ಅದರ ಮೇಲೆ ಕಪ್ಪು ದಾರದ ತುಣುಕು ಬಿದ್ದರೂ ಬಾಗಿಲಿನಿಂದಲೇ ಕಾಣುತ್ತದೆ.

ಚಪ್ಪಲಿ ಈಗ ಎರಡು ಜೊತೆ, ಮನೆಯೊಳಗಿನದು ಬೇರೆ. ಮಂಚದ ಪಕ್ಕದಲ್ಲೇ ಇರುತ್ತದೆ. ಮೊದಲ ವಾರ ಅಡುಗೆಮನೆಯಲ್ಲಿ ಚಪ್ಪಲಿ ಸದ್ದು ಕೇಳಿದರೆ "ಯಾರದು ಒಳಗೆ?" ಎಂದು ಕೂಗಲು ಬಾಯಿ ತೆರೆಯುತ್ತಿದ್ದೆ. ನಾನೇ. ದೇವರ ಕೋಣೆಗೆ ಮಾತ್ರ ಹೋಗುವುದಿಲ್ಲ. ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತೇನೆ, ದೀಪ ಹಚ್ಚುವುದು ಇವರು. ಮುಂದಿನ ಸ್ಟಾಪಿನಲ್ಲಿ ಇಳಿಯುವವರ ಹಾಗೆ ಗಡಿಬಿಡಿಯಲ್ಲಿ ಪೂಜೆ ಮುಗಿಸುತ್ತಾರೆ. ಹೂ ಒಂದು ಕಡೆ, ದೇವರು ಒಂದು ಕಡೆ. ಹೇಳಿ ಹೇಳಿ ಸಾಕಾಗಿ ಬಿಟ್ಟಿದ್ದೇನೆ.

ಮೆಷಿನ್‌ಗೆ ಮೋಟಾರ್ ಹಾಕಿಸಿಕೊಂಡೆ. ಮೊದಲಿನಷ್ಟು ಆಗುವುದಿಲ್ಲ, ದಿನಕ್ಕೆ ಎರಡು ಬ್ಲೌಸ್. ಹೋಳಿಗೆ ಬಿಟ್ಟಿದ್ದೇನೆ. ಹಬ್ಬದ ದಿನ ವಾಸನೆಗೆ ಜೀವ ಕೇಳುತ್ತದೆ.

ದಿನಾ ಅಂಗಾಲು ಪರೀಕ್ಷೆ ಮಾಡಬೇಕು, ಬೆರಳ ಸಂದಿಯನ್ನೂ ಬಿಡದೆ. ನನ್ನ ಹೊಟ್ಟೆಗೆ ಅಷ್ಟು ಬಗ್ಗಲಾಗುವುದಿಲ್ಲ. ಕನ್ನಡಿ ಇಟ್ಟು ನೋಡಿಕೊಳ್ಳಿ ಎಂದಿದ್ದರು ಡಾಕ್ಟರು. ಇವರು ಕನ್ನಡಿ ಬೇಡ, ನಾನೇ ನೋಡ್ತೀನಿ ಎಂದರು. ಮೂವತ್ತಮೂರು ವರ್ಷದ ಸಂಸಾರದಲ್ಲಿ ಹಬ್ಬಹುಣ್ಣಿಮೆಗೆ ನಾನು ಇವರ ಕಾಲು ಮುಟ್ಟಿದ್ದೇನೆ. ಇವರು ನನ್ನ ಕಾಲು ಹಿಡಿಯುವುದೇ? ಮೊದಲ ದಿನ ಕಾಲು ಹಿಂದಕ್ಕೆ ಎಳೆದುಕೊಂಡು ಅತ್ತುಬಿಟ್ಟೆ.

"ಟಿಕೆಟ್ ಚೆಕ್ ಮಾಡಿದ ಹಾಗೆ ಮಾಡ್ತೀನಿ ಮಾರಾಯ್ತಿ, ಸುಮ್ನೆ ಕೂತ್ಕೋ" ಎಂದರು.

ಬೆಳಿಗ್ಗೆ ಸ್ಟ್ಯಾಂಡಿಗೆ ಹೊರಡುವ ಮೊದಲು ಕಿಟಕಿಯ ಹತ್ತಿರ ಮಣೆ ಹಾಕಿಕೊಂಡು ಕೂರುತ್ತಾರೆ. ತೊಡೆಯ ಮೇಲೆ ಟವೆಲ್ ಹಾಸಿ, ಅದರ ಮೇಲೆ ನನ್ನ ಪಾದ ಇಟ್ಟುಕೊಳ್ಳುತ್ತಾರೆ. ನಾಲ್ಕು ಬೆರಳನ್ನೂ ಬಿಡಿಸಿ ನೋಡುತ್ತಾರೆ. ಐದನೆಯದು ಇದ್ದ ಜಾಗವನ್ನೂ ನೋಡುತ್ತಾರೆ. ಕೊನೆಗೆ ಹಿಮ್ಮಡಿಯ ಮೇಲೆ ಹೆಬ್ಬೆರಳು ಒತ್ತಿ ಕೇಳುತ್ತಾರೆ, "ಗೊತ್ತಾಗ್ತದಾ?"

"ಇಲ್ಲ" ಅನ್ನುತ್ತೇನೆ.

ಇಲ್ಲ ಅಂದ ಮೇಲೂ ಇವರು ಕೈ ತೆಗೆಯುವುದಿಲ್ಲ, ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿರುತ್ತಾರೆ. ಹಿಡಿದದ್ದು ನನಗೆ ತಿಳಿಯುವುದಿಲ್ಲ. ಅದಕ್ಕೇ ಆ ಹೊತ್ತಿಗೆ ಕನ್ನಡಕ ಹಾಕಿಕೊಂಡು ನೋಡುತ್ತಾ ಕೂರುತ್ತೇನೆ.